ಅಳಂಬೆಯ ಮೊದಲ ನೀರು

ನಮ್ಮ ಅಜ್ಜಿಯ ಪ್ರಕಾರ ಸೊಕ್ಕು ಮನುಷ್ಯರಿಗೆ ಮಾತ್ರ ಇರುವಂಥದ್ದಲ್ಲ, ತಿನ್ನುವ ವಸ್ತುವಿಗೂ ಇರುತ್ತದೆ. ಹಸಿ ಅಡಿಕೆ ಜಗಿದು ಯಾರಾದರೂ ಬೆವೆತು ಜಗುಲಿಯ ಮೇಲೆ ಒರಗಿದರೆ "ಅಡಿಕೆ ಸೊಕ್ತು" ಎನ್ನುತ್ತಿದ್ದಳು. ಅಳಂಬೆಗೂ, ಅಂದರೆ ಅಣಬೆಗೂ, ಸೊಕ್ಕಿತ್ತು. ಮಳೆ ಹಿಡಿದು ನಾಲ್ಕು ಗುಡುಗು ಕೇಳಿಸಿದ ಮೇಲೆ ಗುಡ್ಡದ ಕಡೆಯ ಹೆಂಗಸರು ಸಾಗವಾನಿ ಎಲೆಯಲ್ಲಿ ಕಟ್ಟಿಕೊಂಡು ಕಾರವಾರದ ಪೇಟೆಗೆ ಅಳಂಬೆ ತರುತ್ತಿದ್ದರು. ಅಜ್ಜಿ ಅದನ್ನು ಮಣ್ಣು ಹೋಗುವಂತೆ ತೊಳೆದು, ಅರಿಶಿನ ಹಾಕಿ ಒಂದು ಕುದಿ ಬರಿಸಿ, ಆ ಮೊದಲ ನೀರನ್ನು ಹಿತ್ತಿಲ ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದಳು.

"ಸೊಕ್ಕು ಇಳೀಲಿ. ಆಮೇಲೆ ಮಸಾಲೆ ಅರೆಯುದು."

ಅಕ್ಕ ಮತ್ತು ನಾನು ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಇದನ್ನು ನೋಡಿ ಕಲಿತವರು. ಅಕ್ಕ ಅದನ್ನು ಕೈಯಲ್ಲಿ ಉಳಿಸಿಕೊಂಡಳು. ನಾನು ಬಾಯಲ್ಲಿ ಮಾತ್ರ ಉಳಿಸಿಕೊಂಡೆ, ಕತೆ ಹೇಳುವುದಕ್ಕೆ.

ಅಕ್ಕನನ್ನು ಕೊಟ್ಟಿದ್ದು ಅಂಕೋಲೆಯ ಕಡೆ ಮಂಜಗುಣಿಗೆ, ಗಂಗಾವಳಿ ನದಿ ಸಮುದ್ರ ಸೇರುವ ಜಾಗದ ಒಂದು ಮೀನುಗಾರರ ಮನೆಗೆ. ಭಾವ ಬೋಟಿನ ತಾಂಡೇಲ. ನೀರಿನ ಬಣ್ಣ ನೋಡಿ ಬಲೆ ಎಲ್ಲಿ ಬಿಡಬೇಕೆಂದು ಹೇಳುವುದು ಅವರ ಕೆಲಸ. ನಾನು ಕಾರವಾರದಲ್ಲಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತಾರೆ. ಭಾವ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅಕ್ಕನ ಮದುವೆಯಲ್ಲಿ ನಾನು ಇನ್ನೂ ಲಂಗ ಉಟ್ಟ ಹುಡುಗಿ, ಆಗ ಬೇರೆ ಏನೋ ಕರೆಯುತ್ತಿದ್ದರು. ಕೆಲಸ ಸಿಕ್ಕಿದ ಮೇಲೆ ಅಕ್ಕೋರೇ ಗಟ್ಟಿಯಾಯಿತು. ಮನೆಯಲ್ಲಿ ಯಾವ ಕಾಗದ ಬಂದರೂ, ಯಾವ ಡಬ್ಬಿಯ ಮೇಲೆ ಏನು ಬರೆದಿದ್ದರೂ "ಅಕ್ಕೋರಿಗೆ ತೋರ್ಸಿ" ಎಂದೇ ತೀರ್ಪು. ಆ ನಂಬಿಕೆ ನನಗೆ ಹಿತವಾಗಿತ್ತು. ಎಷ್ಟು ಹಿತವಾಗಿತ್ತೆಂದು ಈಗ ತಿಳಿಯುತ್ತಿದೆ.

ಭಾವನ ಹೃದಯದ ರಕ್ತನಾಳ ಕಟ್ಟಿ ಸ್ಟೆಂಟ್ ಹಾಕಿಸಬೇಕಾಯಿತು. ಆಮೇಲೆ ಒಳಗೆ ರಕ್ತ ಹೆಪ್ಪುಗಟ್ಟದಿರಲೆಂದು ದಿನವೂ ಗುಳಿಗೆ. ಜೀವಕ್ಕೇನೂ ತೊಂದರೆ ಇರಲಿಲ್ಲ, ಆದರೆ ಮೊದಲಿನ ಕಸುವು ಹೋಗಿತ್ತು. ಬಾವಿಕಟ್ಟೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಒಂದೇ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟಿನಲ್ಲಿ ಬೋಟು ಇಳಿಯುವಾಗ ತಾವೂ ಮೇಲಿರಬೇಕು.

"ಬಲೆ ಎಳಿಯುದು ಬ್ಯಾಡ ಅಕ್ಕೋರೇ. ಸುಮ್ನೆ ಮುಂದೆ ಕೂತು ಕೈ ತೋರ್ಸುದು. ಅಷ್ಟು ತಾಕತ್ತು ಬಂದ್ರೆ ಸಾಕು" ಎಂದರು ಒಮ್ಮೆ. ಆ ಮಾತು ಹಿಡಿದುಕೊಂಡು ನಾನು ಬಸ್ಸಿನಲ್ಲಿ ಮನೆಗೆ ಬಂದೆ.

ಅದೇ ದಿನಗಳಲ್ಲಿ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯ ಮನೆಗೆ ಹೋಗಿದ್ದೆ. ಆಕೆ ಕಾಫಿಗೆ ಕಂದು ಪುಡಿಯೊಂದನ್ನು ಕಲಸಿದಳು.

"ಎಂತದೇ ಇದು? ಮಣ್ಣಿನ ವಾಸನೆ."

"ಮಶ್ರೂಮ್ ಮಾರಾಯ್ತಿ. ಈಗ ಎಲ್ರೂ ತಗೊಳ್ತಾರೆ. ಒಂದು ಜಾತಿ ನೆನಪಿಗೆ, ಒಂದು ನಿದ್ದೆಗೆ, ಒಂದು ಉಸಿರಿಗೆ ಅಂತಾರೆ. ನಂಗಂತೂ ಬೆಳಿಗ್ಗೆ ಹಗುರ ಅನಿಸ್ತದೆ."

ಉಸಿರಿಗೆ ಎಂದದ್ದೇ ನನ್ನ ಕಿವಿಗೆ ಬಿತ್ತು. ಅಂತಾರೆ ಎಂದದ್ದು ಬೀಳಲಿಲ್ಲ.

ಮೊದಲು ತರಿಸಿದ್ದು ರೀಶಿ ಎಂಬ ಜಾತಿಯ ಒಣಗಿದ ಚೂರುಗಳನ್ನು. ಬಡಗಿಯ ಅಂಗಳದಲ್ಲಿ ಬಿದ್ದ ಚಕ್ಕೆಯಂತೆ ಗಟ್ಟಿ, ಕೆಂಪು, ಬಾಯಿಗಿಟ್ಟರೆ ಕಹಿ. ಮಂಜಗುಣಿಗೆ ಒಯ್ದು ಅಕ್ಕನಿಗೆ "ಕುದಿಸಿ ಕೊಡು" ಎಂದೆ. ಭಾವ ಪೊಟ್ಟಣ ತಿರುಗಿಸಿ ನೋಡಿದರು. "ಮತ್ತೊಂದು ಔಷಧವಾ ಅಕ್ಕೋರೇ?" ಎಂದು ಮುಖ ಸಣ್ಣ ಮಾಡಿದರು. ಅವರಿಗೆ ಗುಳಿಗೆ ಸಾಕಾಗಿ ಹೋಗಿತ್ತು.

"ಔಷಧ ಅಲ್ಲ ಭಾವ, ಅಳಂಬೆ. ಊಟ ಇದ್ದ ಹಾಗೆ" ಎಂದೆ.

ಈ ಮಾತನ್ನು ಓದುವವರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನನಗಂತೂ ಮರೆಯಲಾಗಿಲ್ಲ.

ಕೆಲವು ವಾರ ಬಿಟ್ಟು ಹೋದಾಗ ಅಕ್ಕ ಅಡುಗೆಮನೆಯಲ್ಲಿದ್ದಳು. ಪಾತ್ರೆಯಲ್ಲಿ ರೀಶಿ ಕುದಿದು ನೀರು ಚಹಾದ ಡಿಕಾಕ್ಷನ್‌ನಂತೆ ಕಪ್ಪಾಗಿತ್ತು. ನಾನು ನೋಡುತ್ತಿದ್ದಂತೆಯೇ ಅವಳು ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ ತೆಂಗಿನ ಬುಡಕ್ಕೆ ಚೆಲ್ಲಿ ಬಂದಳು. ಉಳಿದ ಚಕ್ಕೆಗಳಿಗೆ ಕಾಯಿತುರಿ, ಮೆಣಸು, ಕೊತ್ತಂಬರಿ ಅರೆದು ಹಾಕಿ ಒಣಪಲ್ಯದಂಥ ಸುಕ್ಕೆ ಮಾಡತೊಡಗಿದಳು.

"ಅಕ್ಕಾ! ಎಂತ ಮಾಡ್ತೆ?"

"ಸೊಕ್ಕು ತೆಗ್ದೆ. ಯಾವ ಊರಿನ ಅಳಂಬೆಯೋ ಎಂತದೋ. ಅಜ್ಜಿ ಹೇಳಿದ್ದು ಮರೆತ್ಯಾ?"

ಹೊರಗೆ ಜಗುಲಿಯಲ್ಲಿ ಬಲೆ ಸರಿಮಾಡುತ್ತಿದ್ದ ಭಾವ ಕೂಗಿದರು. "ಅಕ್ಕೋರೇ, ನಿಮ್ಮ ಅಳಂಬೆ ತಿಂದು ನಂಗೆ ಒಂದು ಗೊತ್ತಾಯ್ತು. ಬೋಟಿನ ಹಲಗೆಯೂ ಮಸಾಲೆ ಹಾಕಿದ್ರೆ ತಿನ್ಲಕ್ಕು! ಆದ್ರೆ ಹಿಂದಿನ ಹಲ್ಲು ಒಂದು ಅಲ್ಲಾಡ್ತಿತ್ತು, ಈಗ ಕುಣೀತದೆ."

ನಾನು ಗೋಡೆ ಹಿಡಿದು ನಕ್ಕೆ. ಅಕ್ಕನೂ ನಕ್ಕಳು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ನಗು ನಿಂತ ಮೇಲೆ ನಾನು ಕಲಿಸಲು ಕೂತೆ. ಈ ಜಾತಿಯಲ್ಲಿ ಜಗಿಯುವುದಕ್ಕೆ ಏನೂ ಇಲ್ಲ, ಅದರ ಸತ್ವವೆಲ್ಲ ಬಿಸಿನೀರಿಗೆ ಇಳಿಯುತ್ತದೆ, ಆ ನೀರನ್ನೇ ಇಂಗಿಸಿ ಒಣಗಿಸಿ ಮಾರುವುದಕ್ಕೆ ಎಕ್ಸ್‌ಟ್ರಾಕ್ಟ್ ಎನ್ನುತ್ತಾರೆ, ನೀನು ಚೆಲ್ಲುತ್ತಿರುವುದೇ ಅದು, ಎಂದು.

ಅಕ್ಕನ ಕೈಯಲ್ಲಿ ಸೌಟು ಹಾಗೇ ನಿಂತಿತು. "ಹಂಗಾರೆ ಸೊಕ್ಕು?"

"ಇದಕ್ಕೆ ಸೊಕ್ಕಿಲ್ಲ" ಎಂದೆ. ತರಗತಿಯಲ್ಲಿ ಉತ್ತರ ಗೊತ್ತಿದ್ದಾಗ ಹೇಳುವ ದನಿ ಅದು. ಅಕ್ಕ ತಲೆಯಾಡಿಸಿದಳು. ಅಜ್ಜಿಯ ಮಾತಿನ ಮೇಲೆ ನನ್ನ ಮಾತು ಕೂತಿತು.

ಇನ್ನು ಇವಳ ಕೈಗೆ ಚಕ್ಕೆ ಕೊಟ್ಟು ಪ್ರಯೋಜನವಿಲ್ಲವೆಂದು ನಾನೇ ಒಳ್ಳೆಯ ಎಕ್ಸ್‌ಟ್ರಾಕ್ಟ್ ಹುಡುಕಲು ಹೊರಟೆ. ಹೊರಟದ್ದು ಎಂದರೆ ಮನೆಯಲ್ಲಿ ಕೂತು ಮೊಬೈಲು ತಿಕ್ಕಿದ್ದು. ಆ ದಿನಗಳಲ್ಲಿ ನಾನು ಕಲಿತದ್ದು ಸುಳ್ಳಲ್ಲ, ಈಗಲೂ ಯಾರಾದರೂ ಕೇಳಿದರೆ ಹೇಳಬಲ್ಲೆ. ಅಳಂಬೆ ಎಂದು ನಾವು ಕರೆಯುವ, ಕಣ್ಣಿಗೆ ಕಾಣುವ ಕೊಡೆ ಒಂದು, ಅದರ ಕೆಳಗೆ ಬಿಳಿ ನೂಲಿನಂತೆ ಹಬ್ಬುವ ಬೇರುಬಲೆ ಇನ್ನೊಂದು. ಕೆಲವರು ಆ ನೂಲನ್ನು ಅಕ್ಕಿ, ಓಟ್ಸಿನ ಮೇಲೆ ಬೆಳೆಸಿ, ಧಾನ್ಯ ಸಮೇತ ಪುಡಿ ಮಾಡಿ ಡಬ್ಬಿಗೆ ತುಂಬುತ್ತಾರೆ. ಅಂಥ ಡಬ್ಬಿಯಲ್ಲಿ ಅಕ್ಕಿಯ ಪಿಷ್ಟವೇ ಹೆಚ್ಚಿದ್ದರೂ ಆಶ್ಚರ್ಯವಿಲ್ಲ. ಮೇಲೆ ಪಾಲಿಸ್ಯಾಕರೈಡ್ ಎಂದು ದೊಡ್ಡ ಅಂಕಿ ಬರೆದಿದ್ದರೆ ಮರುಳಾಗಬಾರದು, ಪಿಷ್ಟವೂ ಆ ಲೆಕ್ಕಕ್ಕೆ ಸೇರುತ್ತದೆ. ನೋಡಬೇಕಾದದ್ದು ಅಳಂಬೆಯ ಸತ್ವವಾದ ಬೀಟಾ ಗ್ಲುಕಾನ್ ಎಷ್ಟೆಂದು. ಬಿಸಿನೀರಿನಲ್ಲಿ ಸತ್ವ ತೆಗೆದದ್ದೋ ಬರೀ ಒಣಪುಡಿಯೋ, ಸೀಸ ಪಾದರಸದಂಥ ಲೋಹವಿಲ್ಲವೆಂದು ಹೊರಗಿನ ಪ್ರಯೋಗಶಾಲೆ ಪರೀಕ್ಷಿಸಿದೆಯೋ ಇಲ್ಲವೋ ಎಂದು ಕೇಳಬೇಕು. ಕಾಯಿಲೆ ವಾಸಿಮಾಡುತ್ತೇವೆಂದು ಬರೆದ ಡಬ್ಬಿಯನ್ನು ಅಲ್ಲಿಯೇ ಬಿಡಬೇಕು.

ಇಷ್ಟೆಲ್ಲ ಜರಡಿ ಹಿಡಿದು ರೀಶಿಯದೇ ಕ್ಯಾಪ್ಸೂಲಿನ ಒಂದು ಡಬ್ಬಿಯನ್ನು ಆರಿಸಿದೆ. ಬಂಗುಡೆಯ ಕಿವಿರು ಎತ್ತಿ ನೋಡಿ ತಾಜಾ ಮೀನು ಆರಿಸಿದವಳ ಹೆಮ್ಮೆ ನನಗೆ. ಡಬ್ಬಿಯ ಹಿಂದೆ, ಚೀಟಿಯ ಅಂಚಿನ ಹತ್ತಿರ, ಸಣ್ಣ ಅಕ್ಷರದಲ್ಲಿ ರಕ್ತ ತೆಳುಮಾಡುವ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕೆಂದೂ ಬರೆದಿತ್ತು. ಕಣ್ಣು ಅದರ ಮೇಲೆಯೇ ಹಾದುಹೋಗಿರಬೇಕು. ಡಬ್ಬಿ ಚೆನ್ನಾಗಿದೆಯೇ ಎಂದು ಅಷ್ಟು ಕೇಳಿದವಳು, ಅದು ಯಾರ ಹೊಟ್ಟೆಗೆ ಹೋಗುತ್ತದೆ, ಅಲ್ಲಿ ಆಗಲೇ ಏನೇನಿದೆ ಎಂದು ಕೇಳಲಿಲ್ಲ.

ಭಾವ ಕ್ಯಾಪ್ಸೂಲು ನುಂಗತೊಡಗಿದರು. ಫೋನಿನಲ್ಲಿ "ಹೇಗಿದೆ?" ಎಂದರೆ "ಫಸ್ಟ್ ಕ್ಲಾಸ್ ಅಕ್ಕೋರೇ" ಎನ್ನುತ್ತಿದ್ದರು. ಮಳೆ ಹಿಡಿಯಿತು. ನಾನು ಹೋದಾಗ ಅವರು ತುಂಬುತೋಳಿನ ಅಂಗಿ ತೊಟ್ಟಿದ್ದರು. ಮನೆಯಲ್ಲಿ ಬನಿಯನ್ನಿನ ಮೇಲೆ ಇನ್ನೊಂದನ್ನು ತೊಟ್ಟವರೇ ಅಲ್ಲ ಅವರು.

"ಎಂತ ಭಾವ, ಮದಿವೆ ಉಂಟಾ?"

"ಮಳೆ ಅಲ್ದಾ, ಚಳಿ" ಎಂದರು.

ನಾನು ನಂಬಿದೆ. ಮಂಜಗುಣಿಯಲ್ಲಿ ಚಳಿ!

ಕುಣಿಯುತ್ತಿದ್ದ ಹಲ್ಲು ಕಡೆಗೆ ನೋವಿಗೆ ತಿರುಗಿತು. ಅಂಕೋಲೆಗೆ ಹೋಗಿ ಕೀಳಿಸಿಕೊಂಡರು. ಹಲ್ಲಿನ ಡಾಕ್ಟರು ಮೊದಲೇ ಯಾವ ಯಾವ ಗುಳಿಗೆ ನಡೆಯುತ್ತಿದೆ ಎಂದು ಕೇಳಿದ್ದಾರೆ. ಹೃದಯದ ಗುಳಿಗೆಗಳನ್ನೆಲ್ಲ ಭಾವ ತೋರಿಸಿದ್ದಾರೆ. ಅವರು ಅದಕ್ಕೆ ಬೇಕಾದ ಎಚ್ಚರಿಕೆ ತೆಗೆದುಕೊಂಡೇ ಕಿತ್ತಿದ್ದಾರೆ. "ಮತ್ತೆ ಬೇರೆ ಎಂತಾದ್ರೂ ಔಷಧ?" ಎಂದದ್ದಕ್ಕೆ ಭಾವ ಇಲ್ಲ ಎಂದರಂತೆ.

ಮಧ್ಯಾಹ್ನ ಅಕ್ಕನ ಫೋನು. "ತಂಗಿ, ರಕ್ತ ನಿಲ್ತಿಲ್ಲ. ಹತ್ತಿ ಇಟ್ರೂ ತೋಯ್ತದೆ. ಕಾರವಾರಕ್ಕೆ ಕರ್ಕೊಂಡು ಬತ್ತಿದ್ದೆ. ನೀ ಬಾ."

ನಾನು ಆಸ್ಪತ್ರೆಗೆ ಹೋದಾಗ ಭಾವ ಬಾಯಿ ಬಿಗಿಹಿಡಿದು ಕೂತಿದ್ದರು, ಗಲ್ಲದ ಕೆಳಗೆ ಕೆಂಪಾದ ಟವೆಲು. ನರ್ಸು ರಕ್ತದೊತ್ತಡ ನೋಡಲು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿದಳು. ಮೊಣಕೈಯ ಮೇಲೂ ಕೆಳಗೂ ನೇರಳೆ ಹಣ್ಣು ಹಿಂಡಿದಂಥ ಕಲೆಗಳು. ಕೆಲವು ಹಳೆಯವಾಗಿ ಹಳದಿಗೆ ತಿರುಗಿದ್ದವು.

ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು. ಭಾವ ಮತ್ತೆ ತಲೆ ಅಲ್ಲಾಡಿಸಿದರು. ನಾನು ಮುಂದೆ ಬಂದೆ. "ಅಳಂಬೆಯ ಎಕ್ಸ್‌ಟ್ರಾಕ್ಟ್ ತಗೊಳ್ತಾರೆ ಡಾಕ್ಟ್ರೇ. ರೀಶಿ. ನಾನೇ ತಂದುಕೊಟ್ಟದ್ದು" ಎಂದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಅದರಿಂದಲೇ ಆಯ್ತು ಅಂತ ಹೇಳೋದಕ್ಕಾಗಲ್ಲ. ಅವರ ಗುಳಿಗೆಯಿಂದಲೂ ಹೀಗಾಗಬಹುದು. ಆದರೆ ಅದೂ ರಕ್ತ ಹೆಪ್ಪುಗಟ್ಟೋದನ್ನ ತಡೆಯುವ ಸಾಧ್ಯತೆ ಇದೆ. ಇವತ್ತಿಂದ ನಿಲ್ಲಿಸಿ. ಹೃದಯದ ಗುಳಿಗೆ ಮಾತ್ರ ನನ್ನ ಕೇಳದೆ ನಿಲ್ಲಿಸ್ಬೇಡಿ" ಎಂದು ಹೊಲಿಗೆಗೆ ಸಿದ್ಧ ಮಾಡಿದರು. ಸಂಜೆಯ ಹೊತ್ತಿಗೆ ರಕ್ತ ನಿಂತಿತು.

ಅಕ್ಕ ನೀರು ತರಲು ಹೋದಾಗ ಹೊರಗಿನ ಬೆಂಚಿನಲ್ಲಿ ನಾನು ಭಾವನನ್ನು ಕೇಳಿದೆ. "ಡಾಕ್ಟರು ಕೇಳಿದ್ರಲ್ಲ ಭಾವ. ಯಾಕೆ ಹೇಳಲಿಲ್ಲ?"

ಹತ್ತಿ ಕಚ್ಚಿದ ಬಾಯಿಂದಲೇ, ತೊದಲುತ್ತ ಹೇಳಿದರು. "ಅವರು ಔಷಧ ಕೇಳಿದ್ರು. ಅದು ಔಷಧ ಅಲ್ಲ, ಅಳಂಬೆ ಅಂತ ನೀವೇ ಹೇಳಿದ್ರಲ್ಲ."

"ಮತ್ತೆ ಕೈಯ ಕಲೆ?"

ಅವರು ಅಂಗಿಯ ತೋಳನ್ನು ಕೆಳಗೆಳೆದುಕೊಂಡರು. "ನಿಮಗೆ ಬೇಜಾರಾಗ್ತದೆ ಅಂತ. ಅಷ್ಟು ಹುಡುಕಿ ತಂದದ್ದು."

ಪೆಟ್ಟು ತಿಂದರೂ ಮಕ್ಕಳು ಸರಿಯಾದ ಉತ್ತರ ಹೇಳದಿದ್ದುದನ್ನು ಜೀವಮಾನವಿಡೀ ನೋಡಿದವಳು ನಾನು. ನನ್ನ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದ ವಿದ್ಯಾರ್ಥಿ ಎಂದರೆ ಇವರೊಬ್ಬರೇ.

ಆಗಸ್ಟಿನಲ್ಲಿ ಬೋಟುಗಳು ಇಳಿದವು. ಭಾವನಿಗೆ ಇನ್ನೂ ಸ್ವಲ್ಪ ಕಾಯಲು ಹೇಳಿದ್ದರು. ಹೃದಯಕ್ಕಾಗಿ ಹೇಳಿದ್ದು, ಅಳಂಬೆಗಾಗಿ ಅಲ್ಲ, ಎಂದು ಅಕ್ಕ ನನಗೆ ಮತ್ತೆ ಮತ್ತೆ ಹೇಳಿದಳು. ಇರಬಹುದು. ದಂಡೆಯಲ್ಲಿ ಕೊಡೆ ಹಿಡಿದು ನಿಂತ ಅವರು ಹೋಗುವ ಬೋಟಿಗೆ ಕೈಯೆತ್ತಿ ದಿಕ್ಕು ತೋರಿಸುತ್ತಿದ್ದರು. ಬೋಟಿನ ಮೇಲಿದ್ದವರಿಗೆ ಅದು ಕಂಡಿತೋ ಇಲ್ಲವೋ.

ಅಜ್ಜಿಯ ಆ ಒಂದು ಕುದಿಗೆ ಎಲ್ಲವೂ ಗೊತ್ತಿತ್ತು ಎಂದು ನಾನು ಹೇಳಲಾರೆ. ರೀಶಿಯ ಹೆಸರನ್ನೇ ಅವಳು ಕೇಳಿರಲಿಲ್ಲ, ಅಕ್ಕ ನೀರು ಚೆಲ್ಲಿದ್ದು ಬರೀ ಅಭ್ಯಾಸದಿಂದ. ಆದರೂ ಅಕ್ಕನ ಹಿತ್ತಿಲ ಆ ತೆಂಗಿನ ಬುಡದ ಹತ್ತಿರ ಹೋದಾಗ ನನಗೆ ತಲೆ ತಗ್ಗುತ್ತದೆ. ಆ ಮರ ನಮ್ಮ ಭಾವನ ಪಾಲಿನ ನೀರನ್ನು ಕೆಲವು ವಾರ ಕುಡಿಯಿತು. ಕುಡಿಯುತ್ತಲೇ ಇರಲು ನಾನು ಬಿಡಲಿಲ್ಲ.

ಮೊನ್ನೆ ಶ್ರಾವಣ ಕಳೆದ ಮೇಲೆ ಅಂಕೋಲೆಯ ಪೇಟೆಯಲ್ಲಿ ಹುತ್ತದ ಅಳಂಬೆ ಸಿಕ್ಕಿತು, ಈ ಸಲದ ಕಡೆಯದು. ತೆಗೆದುಕೊಂಡು ಮಂಜಗುಣಿಗೆ ಹೋದೆ. ಅಕ್ಕ ತೊಳೆದು, ಅರಿಶಿನ ಹಾಕಿ, ಒಲೆಗಿಟ್ಟಳು. ಕುದಿ ಬಂತು. ಬಟ್ಟೆಯಲ್ಲಿ ಪಾತ್ರೆ ಹಿಡಿದು ಹಿತ್ತಿಲ ಬಾಗಿಲವರೆಗೆ ಹೋದವಳು ಅಲ್ಲಿಯೇ ನಿಂತಳು.

"ತಂಗಿ, ಇದ್ನ ಚೆಲ್ಲುದಾ, ಇಡುದಾ?"

ಅಜ್ಜಿ ಸತ್ತ ಮೇಲೆ ಈ ಕೆಲಸಕ್ಕೆ ಯಾರನ್ನೂ ಕೇಳದ ಕೈ ಅದು. ಹಬೆಯ ಹಿಂದಿನಿಂದ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಉತ್ತರಕ್ಕಾಗಿ. ಇಷ್ಟಾದ ಮೇಲೂ.

"ನಂಗೆ ಗೊತ್ತಿಲ್ಲ ಅಕ್ಕ" ಎಂದೆ. ಅವಳಿಗೆ ನಾನು ಆ ಮಾತು ಹೇಳಿದ್ದು ಅದೇ ಮೊದಲು. "ನೀ ಯಾವಾಗಲೂ ಎಂತ ಮಾಡ್ತಿದ್ದೆಯೋ ಅದೇ ಮಾಡು."

ಜಗುಲಿಯಿಂದ ಭಾವನ ದನಿ ಬಂತು. "ಚೆಲ್ಲೇ ಮಾರಾಯ್ತಿ! ಮರಕ್ಕೆ ಅಭ್ಯಾಸ ಆಗಿದೆ. ನಂಗೆ ಉಳಿದ ಹಲ್ಲು ಬೇಕು."

ಅಕ್ಕ ಹಿತ್ತಿಲಿಗೆ ಇಳಿದು ತೆಂಗಿನ ಬುಡಕ್ಕೆ ಹೋದಳು. ಆಮೇಲೆ ಚೆಲ್ಲಿದಳು, ಒಂದೇ ಸಲಕ್ಕಲ್ಲ, ಸ್ವಲ್ಪ ಸ್ವಲ್ಪವೇ, ನಡುನಡುವೆ ನನ್ನ ಕಡೆ ತಿರುಗಿ ನೋಡುತ್ತ.