ಕಣ್ಣಿಗೆ ಕಪ್ಪು ಪಟ್ಟಿ

ಹಲ್ಲುಸೆಟ್ಟು ಮಾಡುವವನ ಕರ್ಮವೇನೆಂದರೆ, ಕೆಲಸ ಚೆನ್ನಾಗಿದ್ದಷ್ಟೂ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟ ಸೆಟ್ಟನ್ನು ಊರೆಲ್ಲ ಗುರುತಿಸುತ್ತದೆ; ಒಳ್ಳೆಯದನ್ನು ಪಕ್ಕದಲ್ಲೇ ಕೂತು ಉಂಡವರೂ ಗುರುತಿಸುವುದಿಲ್ಲ. ನಮ್ಮ ಮೇಸ್ತ್ರಿ ಇಪ್ಪತ್ತಾರು ವರ್ಷ ಇದನ್ನು ಹಲ್ಲು ಕಚ್ಚಿ ಸಹಿಸಿದ. ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ, ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ತೆರೆದ ಒಂದೇ ಕಿಟಕಿಯ ಕೆಳಗೆ, ಹುಬ್ಬಿನ ತುಂಬ ಪ್ಲಾಸ್ಟರ್ ಪುಡಿ ಹೊತ್ತು, ಗುಲಾಬಿ ಮೇಣದಲ್ಲಿ ಒಂದೊಂದೇ ಹಲ್ಲು ನೆಡುತ್ತಿದ್ದ. ಮುಂದಿನ ಕೋಣೆಯಲ್ಲಿ ರೋಗಿಗಳು ಕನ್ನಡಿ ನೋಡಿ, ಡಾಕ್ಟರಮ್ಮನನ್ನು ಹೊಗಳಿ ಹೋಗುತ್ತಿದ್ದರು.

ಆಮೇಲೆ ಅವನ ಕೈಗೆ ಫೋನು ಬಂತು. ಜಾಲತಾಣದಲ್ಲಿ ‘ಅಜ್ಞಾತ ಶಿಲ್ಪಿ’ ಹುಟ್ಟಿದ.

ಅಜ್ಞಾತ ಅಂದರೆ ಎಂಥ ಅಜ್ಞಾತ! ಹೆಸರಿಲ್ಲ, ಊರಿಲ್ಲ, ಮುಖದ ಜಾಗದಲ್ಲಿ ಬೆನ್ನಿನ ಫೋಟೊ. ಮಿಕ್ಕಿದ್ದೆಲ್ಲ ಇತ್ತು. ಊಟಕ್ಕೆ ಮುಂಚೆ ಶುಗರ್ ಎಷ್ಟು, ಊಟವಾದ ಮೇಲೆ ಎಷ್ಟು, ಹೆಂಡತಿಯ ಮಂಡಿಯ ಎಕ್ಸ್‌ರೇ, ಮನೆಗೆ ಬೀಗ ಹಾಕಿ ಮೂರು ದಿನ ಹೊರಟಿದ್ದೇವೆ ಎಂದು ಕಳ್ಳರಿಗೊಂದು ಶುಭಸಮಾಚಾರ. ನಡುನಡುವೆ ಸೆಟ್ಟುಗಳ ಫೋಟೊ, ಹಾಕುವ ಮೊದಲು ಮತ್ತು ಹಾಕಿದ ಮೇಲೆ. ಗುರುತು ಸಿಗಬಾರದೆಂದು ರೋಗಿಯ ಕಣ್ಣಿಗೆ ಅಡ್ಡಲಾಗಿ ಕಪ್ಪು ಪಟ್ಟಿ. ಮೇಸ್ತ್ರಿಯ ನೀತಿನಿಯತ್ತೆಲ್ಲ ಆ ಪಟ್ಟಿಯಷ್ಟೇ ಅಗಲ.

ಅವನ ಹೆಂಡತಿಯ ಅಣ್ಣ ಹೈಸ್ಕೂಲಿನ ಡ್ರಿಲ್ ಮಾಸ್ಟರು. ಅವರ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಸವಾರಿ ಮಾಡುತ್ತಿತ್ತು, ಮುಂದಿನದರ ಮೂಲೆ ಮುರಿದಿತ್ತು. ಆ ಸಂದಿನಲ್ಲಿ ಸೀಟಿ ಸಿಕ್ಕಿಸಿಕೊಂಡು ಮೂವತ್ತು ವರ್ಷ ಮೈದಾನ ಆಳಿದವರು. ವಸಡು ಕೈಕೊಟ್ಟು ಹಲ್ಲೆಲ್ಲ ಹೋದಾಗ ರಜೆಯಲ್ಲಿ ಗುಟ್ಟಾಗಿ ಬಂದರು.

“ಇದ್ದ ಹಾಗೇ ಇರ್ಬೇಕು ಕಣಯ್ಯ. ಸೊಟ್ಟ ಅಂದ್ರೆ ಸೊಟ್ಟ. ಸೆಟ್ಟು ಅಂತ ಗೊತ್ತಾದ್ರೆ ನನ್ನ ಸೀಟಿಗೆ ಒಂದು ನಾಯೀನೂ ನಿಲ್ಲಲ್ಲ. ಬಾಯಿ ಬಿಡಬೇಡ!”

ಮೇಸ್ತ್ರಿ ಮೂರು ವಾರ ಕೂತ. ಹಲ್ಲಿನ ಮೇಲೆ ಹಲ್ಲು ಹತ್ತಿಸಿದ, ಒಳ್ಳೆಯ ಹಲ್ಲಿನ ಮೂಲೆಯನ್ನು ಅರದಿಂದ ತೇಯ್ದ, ಚಹಾದ ಕಲೆಯನ್ನು ಸಣ್ಣ ಕುಂಚದಲ್ಲಿ ಬರೆದ. ಶಾಲೆ ಶುರುವಾಯಿತು. ಒಬ್ಬರಿಗೂ ಗೊತ್ತಾಗಲಿಲ್ಲ. ಮಾಸ್ಟರು ಗೆದ್ದರು, ಮೇಸ್ತ್ರಿ ಸೋತ. ಜೀವಮಾನದ ಕೆಲಸ, ಯಾರೂ ನೋಡಲಿಲ್ಲವಲ್ಲ! ಅಳತೆ ಸರಿಯಿದೆಯೇ ಎಂದು ತೆಗೆದಿದ್ದ ಫೋಟೊಗೆ ಪಟ್ಟಿ ಕಟ್ಟಿ ಏರಿಸಿಯೇ ಬಿಟ್ಟ: ‘ಸೊಟ್ಟು, ಮುರುಕು, ಕಲೆ, ಎಲ್ಲವೂ ಕೃತಕ. ರೋಗಿಯ ಗುರುತು ಗೌಪ್ಯ.’ ತಾನು ಬಾಯಿ ಬಿಡಲಿಲ್ಲ. ಭಾವನ ಬಾಯನ್ನೇ ಬಿಡಿಸಿ ತೋರಿಸಿದ.

ಎರಡು ದಿನಕ್ಕೆ ಅದು ಸ್ಟಾಫ್‌ರೂಮಿಗೆ ಬಂತು. ಮೂರನೆಯ ದಿನ ಕರಿಹಲಗೆಯ ಮೇಲೆ ಚಿತ್ರವಾಗಿ ಮೂಡಿತು. ಅವತ್ತು ಮಾಸ್ಟರು ಸೀಟಿ ಊದಿದಾಗ ಸಾಲಿಗೆ ಸಾಲೇ ಕಿಸಕ್ಕೆಂದಿತು. ಸಂಜೆ ಅವರು ನೇರ ಮೇಸ್ತ್ರಿಯ ಮನೆಗೆ ಬಂದರು.

“ಹೆಸರು ಹಾಕಿಲ್ಲ ಭಾವ. ಕಣ್ಣಿಗೆ ಪಟ್ಟೀನೂ ಹಾಕಿದೀನಲ್ಲ,” ಅಂದ ಮೇಸ್ತ್ರಿ.

“ನನ್ನ ಕಣ್ಣು ಯಾರು ನೋಡಿದ್ರಯ್ಯ? ಮೂವತ್ತು ವರ್ಷದಿಂದ ಅದು ಟೋಪಿ ಕೆಳಗೇ ಇದೆ. ಎಷ್ಟು ಜನ ನೋಡಿದಾರೆ ಇದನ್ನ?”

“ನಾಲ್ಕು ಸಾವಿರದ ಇನ್ನೂರು, ಭಾವ.” ಅಂಥ ಹೊತ್ತಿನಲ್ಲೂ ದನಿಯಲ್ಲಿನ ಹೆಮ್ಮೆಯನ್ನು ನುಂಗಿಕೊಳ್ಳಲು ಅವನಿಗಾಗಲಿಲ್ಲ.

“ನಮ್ಮಣ್ಣನ ಬಾಯಿ, ನನ್ನ ಮಂಡಿ ಎಲ್ಲ ಬೀದೀಲಿದೆ,” ಅಂದಳು ಹೆಂಡತಿ. “ನಿಮ್ಮ ಮುಖ ಒಂದೇ ಭಾರಿ ಗುಟ್ಟು, ಅಲ್ವಾ?”

“ಈಗಲೇ ತೆಗೆದುಹಾಕ್ತೀನಿ!”

“ತೆಗೀಬೇಡ,” ಅಂದರು ಮಾಸ್ಟರು. “ಇನ್ನೊಂದು ಸೆಟ್ಟು ಮಾಡು. ಕಾಗದದಷ್ಟು ಬಿಳಿ, ಸ್ಕೇಲಿಟ್ಟ ಹಾಗೆ ನೆಟ್ಟಗೆ. ಮೈದಾನದ ಆ ತುದಿಯಿಂದ ನೋಡಿದ್ರೂ ಸೆಟ್ಟು ಅಂತ ಗೊತ್ತಾಗ್ಬೇಕು. ಬಚ್ಚಿಟ್ಟಿದ್ದಕ್ಕೆ ತಾನೆ ನಗ್ತಿರೋದು?”

“ಭಾವ, ಅದು ಹಲ್ಲಿನ ಹಾಗೆ ಕಾಣಲ್ಲ. ನನ್ನ ಕೈಯಲ್ಲಿ ಅಂಥದ್ದು ಮಾಡಿಸಬೇಡಿ.”

“ಮಾಡಲ್ವಾ? ಹಾಗಾದ್ರೆ ನಾಳೆ ನಿಮ್ಮ ಡಾಕ್ಟರಮ್ಮನಿಗೆ ಅವರ ರೋಗಿಗಳ ಫೋಟೊ ಎಲ್ಲ ತೋರಿಸ್ತೀನಿ.”

ಮೇಸ್ತ್ರಿ ಮಾಡಿದ. ಎರಡೇ ದಿನ ಹಿಡಿಯಿತು. ಮಾಸ್ಟರು ಅದನ್ನು ಹಾಕಿಕೊಂಡು ವಾರ್ಷಿಕ ಆಟೋಟಕ್ಕೆ ಹೋಗಿ, ಮೈಕಿನ ಮುಂದೆ ಹಲ್ಲು ಕಿರಿದು ನಿಂತರು. ಹುಡುಗರು ಒಮ್ಮೆ ನಕ್ಕರು, ಎರಡು ಸಲ ನಕ್ಕರು, ಮೂರನೆಯ ಸಲ ನಗಲು ಏನೂ ಉಳಿದಿರಲಿಲ್ಲ. ಆಗ ಮಾಸ್ಟರು ಯಾರೂ ಕೇಳದಿದ್ದರೂ ಹೇಳಿದರು: “ಇದು ನನ್ನ ತಂಗಿ ಗಂಡನ ಕೈಕೆಲಸ. ಕ್ಲಿನಿಕ್ಕಿನ ಹಿಂದಿನ ಕೋಣೆ, ಬೆಳಿಗ್ಗೆ ಹತ್ತರಿಂದ ಇರ್ತಾನೆ. ಫೋನ್ ನಂಬರ್ ಬರ್ಕೊಳ್ಳಿ.” ಹೆಸರನ್ನೂ ನಂಬರನ್ನೂ ಎರಡೆರಡು ಸಲ ಓದಿದರು.

ಮಾರನೆಯ ವಾರ ಬಟ್ಟೆ ಅಂಗಡಿಯವನೊಬ್ಬ ಡಾಕ್ಟರಮ್ಮನ ಬಾಗಿಲನ್ನು ದಾಟಿ ಸೀದಾ ಹಿಂದಿನ ಕಿಟಕಿಗೆ ಬಂದು, ಮೇಸ್ತ್ರಿಯನ್ನು ಹೆಸರು ಹಿಡಿದು ಕರೆದ.

“ಡ್ರಿಲ್ ಮಾಸ್ಟರಿಗೆ ಕೂರಿಸಿದ್ದೀರಲ್ಲ, ಭರ್ಜರಿ! ನನಗೂ ಅಂಥದ್ದೇ ಬೇಕು. ಇನ್ನೂ ಸ್ವಲ್ಪ ಬಿಳಿ ಇದ್ರೆ ನೋಡಿ.”

ಮೇಸ್ತ್ರಿ ಮಾದರಿ ಹಲ್ಲುಗಳ ಡಬ್ಬಿ ತೆರೆದು ಹುಡುಕಿದ. ಅದಕ್ಕಿಂತ ಬಿಳಿ ಇರಲಿಲ್ಲ.