ವರ್ನಾ ಸ್ಟಕಿಯ ಕುಲ

ಮೂವತ್ತೆಂಟು ವರ್ಷ ಹುಳುಗಳ ಹೊಟ್ಟೆ ಬಿಡಿಸಿ ಬಿಡಿಸಿ ವರ್ನಾ ಸ್ಟಕಿಯ ಕಣ್ಣೂ ಕತ್ತೂ ಸೋತುಹೋಗಿದ್ದವು. ಕ್ಯಾನ್ಸಾಸಿನ ಕೀಟಸಂಗ್ರಹಾಲಯವೊಂದರಲ್ಲಿ ಅವಳು ಸಹಾಯಕಿ. ಜಾಲರಿ ರೆಕ್ಕೆಯ ಹಸಿರು ಹುಳುಗಳು ಹೊರನೋಟಕ್ಕೆ ಹೆಚ್ಚುಕಡಿಮೆ ಒಂದೇ. ಯಾರು ಯಾರ ನೆಂಟರೆಂದು ತಿಳಿಯಬೇಕಾದರೆ ಹೊಟ್ಟೆ ಕತ್ತರಿಸಿ, ಕ್ಷಾರದಲ್ಲಿ ಬೇಯಿಸಿ, ಒಳಗಿನ ಕೊಂಡಿಗಳನ್ನು ಹೋಲಿಸಬೇಕು. ಆಮೇಲೆ ಆ ತುಂಡನ್ನು ಗ್ಲಿಸರಿನ್ ತುಂಬಿದ ಪುಟ್ಟ ಶೀಶೆಗೆ ಹಾಕಿ ಅದೇ ಹುಳುವಿನ ಸೂಜಿಗೆ ಚುಚ್ಚಬೇಕು. ಹೋಲಿಸುವುದು ಪ್ರೊಫೆಸರ್ ಹಾಲ್ವರ್ಸನ್, ಮಿಕ್ಕ ಚಾಕರಿಯೆಲ್ಲ ವರ್ನಾಳದು.

ಒಂದು ಹುಳುವಿಗೆ ರೆಕ್ಕೆಯ ನರ ಒಂದು ಮನೆತನದ್ದು, ಹೊಟ್ಟೆಯ ಕೊಂಡಿ ಇನ್ನೊಂದರದು. ವರ್ಷಗಳ ಹಿಂದೆ ಪ್ರೊಫೆಸರರು ಅದಕ್ಕೆ ಹೊಸ ಕುಲವನ್ನೇ ಕಟ್ಟಿ, ವರ್ನಾಕ್ರೈಸಾ ಎಂದು ಅವಳ ಹೆಸರಿಟ್ಟಿದ್ದರು. ಭಾನುವಾರದ ಊಟದಲ್ಲಿ ಅವಳ ತಮ್ಮ ಆರ್ಲೋ ಕಡುಬು ಬಡಿಸಿಕೊಳ್ಳುತ್ತ ತಪ್ಪದೆ ಹೇಳುತ್ತಿದ್ದ: "ನಮಗೇನು, ಬರೀ ಮಕ್ಕಳು. ಮದುವೇನೇ ಆಗ್ದೆ ಕುಲ ಬೆಳೆಸಿದೋಳು ನಮ್ಮಕ್ಕ ಒಬ್ಳೇ!"

"ಸಾಕು ಸುಮ್ನಿರೋ" ಎನ್ನುತ್ತಲೇ ಅವಳು ಒಳಗೊಳಗೆ ಹಿಗ್ಗುತ್ತಿದ್ದಳು. ಬೇರೆ ಯಾವ ಹಿಗ್ಗೂ ಆ ಕೆಲಸದಲ್ಲಿ ಸಿಕ್ಕಿರಲಿಲ್ಲ.

ನಿವೃತ್ತಿಗೆ ಒಂಬತ್ತು ದಿನವಿತ್ತು. ಒಣಗಿದ ಶೀಶೆಗಳಿಗೆ ಗ್ಲಿಸರಿನ್ ತುಂಬಿಸುತ್ತ ಅವಳು ತನ್ನ ಕುಲದ ಆ ಹುಳುವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಸೂಜಿಯ ಮೇಲಿದ್ದ ದೇಹದಲ್ಲಿ ಹೊಟ್ಟೆಯ ಮೊದಲ ಮೂರು ಉಂಗುರ ಉಳಿದಿದ್ದವು. ಶೀಶೆಯ ತುಂಡು ನಾಲ್ಕನೆಯದರಿಂದ ಶುರುವಾಗಬೇಕಿತ್ತು. ಶುರುವಾಗಿದ್ದು ಮೂರನೆಯದರಿಂದ. ಪಕ್ಕದ ಹುಳುವೂ ಅದೇ ದಿನ ಬೇಯಿಸಿದ್ದು. ಅದನ್ನು ಆಮೇಲೆ ಯಾರೂ ಮುಟ್ಟಿರಲಿಲ್ಲ. ಅದಕ್ಕೆ ದೇಹದಲ್ಲೂ ಶೀಶೆಯಲ್ಲೂ ಮೂರನೆಯ ಉಂಗುರವೇ ಇಲ್ಲ.

ಶೀಶೆಗಳು ಅದಲುಬದಲಾಗಿದ್ದವು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಪ್ರೊಫೆಸರರಿಗೆ ಫೋನು ಮಾಡಿದಳು.

ಗುರುವಾರ ಎಂಬತ್ತಾರು ವರ್ಷದ ಪ್ರೊಫೆಸರರು ಕೋಲೂರಿಕೊಂಡು ಬಂದರು.

"ಸರ್, ಉಂಗುರ ಎಣಿಸಿ ನೋಡಿ."

ಅವರು ಎರಡು ಸಲ ಎಣಿಸಿದರು. "ಮೂರನೇದು ಎರಡಿದೆಯಲ್ಲಮ್ಮ!"

"ಶೀಶೆ ಬದಲಾಯಿಸಿಟ್ಟೋಳು ನಾನೇ. ಆ ಕೊಂಡಿ ಪಕ್ಕದ ಹುಳುವಿಂದು. ಆ ಕುಲಾನೇ ಇಲ್ಲ."

ಅವರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದರು. "ನಾನೂ ಎಣಿಸಬೇಕಿತ್ತು. ಒಂಬತ್ತು ದಿನ ತಡಕೊಂಡಿದ್ರೆ ಹೆಸರು ಉಳೀತಿತ್ತಲ್ಲ, ವರ್ನಾ?"

"ಉಳೀತಿತ್ತು. ನಾನು ಮನೇಲಿ ಕೂತು ಎಣಿಸ್ತಾನೇ ಇರ್ತಿದ್ದೆ."

ಸೂಜಿಗೆ ಚುಚ್ಚಿದ ಹಳೆಯ ಹೆಸರಿನ ಚೀಟಿಯನ್ನು, ತಪ್ಪಿದ್ದರೂ, ಯಾರೂ ಕೀಳುವಂತಿಲ್ಲ. ಅದರ ಕೆಳಗೆ ಅವಳು ಸಣ್ಣಕ್ಷರದಲ್ಲಿ ಇನ್ನೊಂದು ಚೀಟಿ ಬರೆದು ಚುಚ್ಚಿದಳು: ತಪ್ಪೂ ತಿದ್ದುಪಡಿಯೂ ವಿ. ಸ್ಟಕಿ.

ಭಾನುವಾರ ಆರ್ಲೋ ಮಾಮೂಲಿ ರಾಗ ತೆಗೆದ.

"ಆ ಕುಲ ಹೋಯ್ತು ಕಣೋ," ಎಂದಳು.

ಅವನ ಕೈ ತಟ್ಟೆಯ ಮೇಲೇ ನಿಂತಿತು. "ಹೋಯ್ತಾ? ಯಾರಕ್ಕಾ ತೆಗ್ದಿದ್ದು?"

"ನಾನೇ," ಎಂದು ಅವಳು ಕಡುಬಿನ ಪಾತ್ರೆಯನ್ನು ಅವನತ್ತ ಸರಿಸಿದಳು.