ಶುಕ್ರವಾರದ ಎಲೆ ಪೊಟ್ಟಣ

ಎದುರು ಮನೆಯ ಸಾವಿತ್ರಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎಡಗೈ ಮೇಲೆ ಬಲಗೈ ಇಟ್ಟು ನನ್ನ ಮುಂದೆ ಚಾಚಿದರು. “ದೇವಸ್ಥಾನಕ್ಕೆ ಹೋಗಿದ್ಯೇನಮ್ಮ? ಒಂಚೂರು ಪ್ರಸಾದ ಕೊಡು.”

ನನ್ನ ಒಂದು ಕೈಯಲ್ಲಿ ನಮ್ಮ ನಾಯಿ ಟಾಮಿಯ ಚೈನು, ಇನ್ನೊಂದರಲ್ಲಿ ಬಾಳೆಎಲೆಯ ಪೊಟ್ಟಣ. ತೊಂಬತ್ತರ ದಶಕದ ನಮ್ಮ ದುರ್ಗಿಗುಡಿ ಬಡಾವಣೆಯಲ್ಲಿ ನಾಯಿಯ ಗಲೀಜು ಎತ್ತುವ ಅಭ್ಯಾಸ ಯಾರಿಗೂ ಇರಲಿಲ್ಲ. ಆದರೆ ಟಾಮಿಗೆ ದಿನಾ ಯಾರದಾದರೂ ರಂಗೋಲಿಯ ಪಕ್ಕವೇ ಆಗಬೇಕು. ಬೈಸಿಕೊಂಡು ಸಾಕಾಗಿ, ಹಿತ್ತಲಿನ ಬಾಳೆಎಲೆಯ ತುಂಡಿನಲ್ಲಿ ಅದನ್ನು ಎತ್ತಿ, ಮಡಚಿ, ಬಾಳೆನಾರಿನಿಂದ ಕಟ್ಟಿ ಮನೆಗೆ ತಂದು ಗುಂಡಿಗೆ ಹಾಕುತ್ತಿದ್ದೆ. ಅವತ್ತು ಶುಕ್ರವಾರ ಬೇರೆ. ತಲೆಸ್ನಾನ ಮಾಡಿ ಕುಂಕುಮ ಇಟ್ಟುಕೊಂಡವಳ ಕೈಯಲ್ಲಿ ಅಂಥ ಪೊಟ್ಟಣ ಕಂಡರೆ ಅದು ಪ್ರಸಾದವಲ್ಲ ಎಂಬ ಅನುಮಾನ ಯಾರಿಗೆ ತಾನೇ ಬರುತ್ತದೆ?

“ಇದು ಪ್ರಸಾದ ಅಲ್ಲ ಸಾವಿತ್ರಮ್ಮ” ಎಂದು ಕೈ ಹಿಂದಕ್ಕೆ ಎಳೆದುಕೊಂಡೆ. ಅವರ ಮುಖ ಸಣ್ಣದಾಯಿತು.

“ಕೊಡೋಕೆ ಮನಸ್ಸಿಲ್ದಿದ್ರೆ ಬಿಡು ಮಾರಾಯ್ತಿ. ಕೈಯಲ್ಲಿರೋ ಪ್ರಸಾದಾನ ಪ್ರಸಾದ ಅಲ್ಲ ಅನ್ಬೇಡ.”

ಬೇರೆ ದಾರಿ ಕಾಣದೆ ಪೊಟ್ಟಣದ ಒಂದು ಅಂಚು ಬಿಡಿಸಿದೆ. ಅವರು ಬಗ್ಗಿ ನೋಡಿದರು, ಆಮೇಲೆ ಟಾಮಿಯನ್ನು ನೋಡಿದರು, ಸರ್ರನೆ ಒಳಗೆ ಹೋದರು. ಏನನ್ನೂ ಮುಟ್ಟದ ಆ ಕೈಗಳನ್ನು ತೊಳೆಯುವ ಸದ್ದು ಬಚ್ಚಲಿನಿಂದ ಬಹಳ ಹೊತ್ತು ಕೇಳಿಸಿತು.

ಮರುದಿನದಿಂದ ಬಾಳೆಎಲೆ ಬಿಟ್ಟು ಹಳೇ ಪೇಪರ್ ಹಿಡಿದೆ. ಏನು ಪ್ರಯೋಜನ? ನಾನು ನಿಜವಾದ ಪ್ರಸಾದ ಒಯ್ದಾಗಲೂ ಸಾವಿತ್ರಮ್ಮ ಕೈ ಚಾಚುವ ಮೊದಲು ಕೇಳುತ್ತಿದ್ದರು: “ಟಾಮಿ ಮನೇಲೇ ಇದಾನಾ?”